ಚುಕ್ಕೆ ಒಲ್ಲದ ಕಂಪ್ಯೂಟರ್

ಆಗ ನಾನು ಕಟ್ಟಬೆಟ್ಟಿನ ಹತ್ತಿರದ ಒಂದು ಟೀ ಫ್ಯಾಕ್ಟರಿಯಲ್ಲಿ ಗುಮಾಸ್ತ. ಎರಡು ಸಾವಿರದ ಮೊದಲ ದಶಕ ಮುಗಿಯುತ್ತಿತ್ತು. ಸಣ್ಣ ಬೆಳೆಗಾರರು ತರುವ ಎಲೆಯ ವಿವರಗಳಿಗೆಂದು ಕೊಯಮತ್ತೂರಿನ ಹುಡುಗರು ಹೊಸ ನಮೂನೆಯ ಡೇಟಾಬೇಸ್ ತಂದು ಕೂರಿಸಿದರು. ಹಟ್ಟಿಗೊಂದು, ಅಂದರೆ ಊರಿಗೊಂದು, ಕಲೆಕ್ಷನ್ ಎಂಬ ಕಡತ; ಅದರೊಳಗೆ ಬೆಳೆಗಾರನ ಹೆಸರೇ ಕೀ, ಅವನ ಲೆಕ್ಕ ಹುಡುಕುವ ಗುರುತು. ಕೀಯಲ್ಲಿ ಚುಕ್ಕೆ ಬರಕೂಡದು, ಡಾಲರ್ ಗುರುತಿನಿಂದ ಶುರುವಾಗಕೂಡದು ಎಂದು ಹೇಳಿ ಬಸ್ಸು ಹತ್ತಿದರು. ಡಾಲರ್ ಬಿಡಿ, ನಮ್ಮ ಬೆಟ್ಟದಲ್ಲಿ ಯಾರ ಹತ್ತಿರ ಇತ್ತು! ಚುಕ್ಕೆ ಇಲ್ಲದ ಹೆಸರನ್ನು ಎಲ್ಲಿಂದ ತರಲಿ? ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ನಡುವೆ ಚುಕ್ಕೆ, ಆಮೇಲೆ ಮೊಮ್ಮಗನಿಗಿಟ್ಟ ತಾತನ ಹೆಸರು. ಚುಕ್ಕೆಯ ಜೊತೆ ಇನಿಷಿಯಲ್ಲನ್ನೂ ಕಿತ್ತರೆ ಹಟ್ಟಿಯ ಅರ್ಧ ಗಂಡಸರು ಒಬ್ಬರೇ ಆಗಿಬಿಡುತ್ತಿದ್ದರು.

ಸಾಕಪ್ಪಾ ಸಾಕು ಎಂದು ಎಲ್ಲರಿಗೂ ನಂಬರ್ ಕೊಟ್ಟೆ. ತಾತನ ಹೆಸರಿದ್ದವನನ್ನು ಜೈಲಿನವನಂತೆ ಕರೆಯುತ್ತೀಯಾ ಎಂದು ಗಂಡಸರು ನನ್ನ ಮೇಲೆ ಹರಿಹಾಯ್ದರು. ದಿನವೂ ಅದೇ ರಾಮಾಯಣ.

ಬೈಯದವಳು ಒಬ್ಬಳೇ ಒಬ್ಬ ಹೆತ್ತೆ, ನಮ್ಮ ಬೆಟ್ಟದ ಮಾತಿನಲ್ಲಿ ಅಜ್ಜಿ; ಗಂಡ ತೀರಿಕೊಂಡಿದ್ದ ಮುದುಕಿ. ಜಮೀನು ಇನ್ನೂ ಗಂಡನ ಹೆಸರಿನಲ್ಲೇ ಇದ್ದುದರಿಂದ ಎಲೆಯ ಕಾರ್ಡೂ ಅವನದೇ. ತಕ್ಕಡಿಯ ಮುಂದೆ ಎಲೆ ತಂದವರೇ ಕಾರ್ಡಿನ ಹೆಸರು ಕೂಗಿ ಹೇಳಬೇಕು. ಒಬ್ಬರ ಎಲೆ ಇನ್ನೊಬ್ಬರಿಗೆ ಬರೆದು ಹಿಂದೆ ಹೊಡೆದಾಟವೇ ಆಗಿತ್ತು. ಆಕೆ ಗಂಡನ ಹೆಸರು ಬಾಯಲ್ಲಿ ತರುವವಳಲ್ಲ. ಪಕ್ಕದ ಮನೆಯವಳು ಬಂದು ಹೇಳುವ ತನಕ ಕಾಯುತ್ತಿದ್ದಳು. ಅಷ್ಟರಲ್ಲಿ ಚೀಲದೊಳಗಿನ ಎಲೆ ಬಿಸಿಯಾಗಿ ಕೆಂಪಡರಿ, ಎಷ್ಟೋ ಸಲ ವಾಪಸ್ಸಾಗುತ್ತಿತ್ತು. ನಂಬರ್ ಬಂದ ಮೇಲೆ ಎಲ್ಲರಿಗಿಂತ ಮೊದಲು ಬಂದು, "ನಲವತ್ತೊಂದು" ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. "ಇದ ನಾನೇ ಹೇಳ್ಬೋದು ಮಗಾ" ಎಂದು ಒಂದು ದಿನ ನನಗೆ ಹೇಳಿದಳು.

ಕೊನೆಗೆ ಗಂಡಸರೆಲ್ಲ ಸೇರಿ ಮ್ಯಾನೇಜರರ ಬಳಿ ಹೋದರು. ಚುಕ್ಕೆಯ ಜಾಗಕ್ಕೆ ಅಡ್ಡಗೆರೆ ಎಳೆದು ಹೆಸರುಗಳನ್ನೇ ವಾಪಸ್ ಹಾಕು ಎಂದು ಅಪ್ಪಣೆಯಾಯಿತು. ಹಾಕಿದೆ. ವಾದ ಮಾಡುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

ಮರುದಿನ ಆಕೆ ಚೀಲ ಇಳಿಸಿ ನಂಬರ್ ಹೇಳಿದಳು. ಅದೆಲ್ಲ ಹೋಯಿತು, ಹೆಸರು ಹೇಳಿ ಎಂದ ತೂಕದವನು. ಆಕೆ ಬಂದ ದಾರಿಯತ್ತ ತಿರುಗಿ ನೋಡಿದಳು. ಪಕ್ಕದ ಮನೆಯವಳು ಇನ್ನೂ ಬಂದಿರಲಿಲ್ಲ. ಯಾರನ್ನೂ ದೂರದೆ ಚೀಲವನ್ನು ಬದಿಗೆ ಎಳೆದುಕೊಂಡು ಕೂತಳು. ನಾನು ಎದ್ದೆ. ಒಳಗೆ ಹೋಗಿ ಆಕೆಯ ಗಂಡನ ಆ ಒಂದು ಹೆಸರು ಅಳಿಸಿ ನಲವತ್ತೊಂದು ಎಂದು ಬರೆದೆ. ಕಂಪ್ಯೂಟರ್ ತಕರಾರು ಮಾಡಲಿಲ್ಲ.

ತಿಂಗಳು ಕಳೆದ ಮೇಲೆ ಕೊಯಮತ್ತೂರಿನಿಂದ ಫೋನು. ಹೆಸರುಗಳ ನಡುವೆ ಒಂದು ನಂಬರ್ ಉಳಿದುಹೋಗಿದೆ, ತೆಗೆಯಲೇ ಎಂದು ಹುಡುಗ ಕೇಳಿದ.

"ಮುಟ್ಟಬೇಡಪ್ಪಾ," ಎಂದೆ. "ಆಯಮ್ಮ ಬಾಯಿಬಿಟ್ಟು ಹೇಳೋದು ಅದೊಂದನ್ನೇ."