ದೀಪದ ಹತ್ತಿ ತುಂಬಿದ ಬದನೆಕಾಯಿ

ಒಲೆಯ ಮೇಲೆ ಬದನೆಕಾಯಿ ಸುಡುವ ವಾಸನೆ ಬಂದರೆ ಉಳಿದವರಿಗೆ ಬಾಯಲ್ಲಿ ನೀರೂರುತ್ತದೆ, ನನ್ನ ಬೆರಳುಗಳು ಮಾತ್ರ ಏನನ್ನೋ ಹುಡುಕತೊಡಗುತ್ತವೆ. ಸಿಪ್ಪೆ ಕಪ್ಪಾಗಿ ಬಿರಿದು, ತಿರುಳಿನ ಹಬೆ ಬೆಳ್ಳುಳ್ಳಿ ಒಗ್ಗರಣೆಯ ಜೊತೆ ಸೇರಿ ಮನೆ ತುಂಬುವಾಗ ನನಗೆ ನೆನಪಾಗುವುದು ಗೊಜ್ಜಲ್ಲ. ಉಲ್ಲನ್‌ನಲ್ಲಿ ಹೆಣೆದ, ಅಂಗೈಯಲ್ಲಿ ಕೂರುವಷ್ಟು ದೊಡ್ಡ, ಸ್ವಲ್ಪ ಸೊಟ್ಟಗಿದ್ದ ಒಂದು ನೇರಳೆ ಬದನೆಕಾಯಿ. ಅದನ್ನು ಹೆಣೆದವಳು ನಾನೇ. ಆಗ ನನಗೆ ಹತ್ತು ವರ್ಷ. ತೊಂಬತ್ತರ ದಶಕದ ನಡುವಿನ ಒಂದು ದಸರೆಯ ಹಿಂದುಮುಂದಿನ ದಿನಗಳು. ಕುಂಬಾರಕೊಪ್ಪಲಿನ ನಮ್ಮ ಹೆಂಚಿನ ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಂಗಿ ನಾಗರತ್ನತ್ತೆ, ಮತ್ತು ನಮ್ಮೆಲ್ಲರ ಮೇಲೂ ಅಧಿಕಾರ ನಡೆಸುತ್ತಿದ್ದ ಅಜ್ಜಿ ಇದ್ದರು.

ಅತ್ತೆ ನರ್ಸರಿ ಸ್ಕೂಲಿನಲ್ಲಿ ಟೀಚರ್. ಮಧ್ಯಾಹ್ನ ಊಟವಾದ ಮೇಲೆ ಅವಳ ಕೈಗೆ ಕ್ರೋಶಾ ಕಡ್ಡಿ ಬಂತೆಂದರೆ ಕಾಫಿ ಹೊತ್ತಿನವರೆಗೆ ಇಳಿಯುತ್ತಿರಲಿಲ್ಲ. ಅವಳ ದೆಸೆಯಿಂದ ನಮ್ಮ ಮನೆಯಲ್ಲಿ ಬರಿಮೈಯಲ್ಲಿರುವ ವಸ್ತುವೇ ಇರಲಿಲ್ಲ. ಟಿವಿಗೆ ಹೊದಿಕೆ, ರೇಡಿಯೊಗೆ ಹೊದಿಕೆ, ನೀರಿನ ಹೂಜಿಗೂ ಅಂಚಿಗೆ ಮಣಿ ಕಟ್ಟಿದ ಒಂದು ಮುಸುಕು. "ನಾಗೂ, ನನ್ನ ಬೋಳುತಲೆಗೂ ಒಂದು ಹಾಕ್ಬುಡು, ಅದ್ಯಾಕೆ ಅದೊಂದನ್ನ ಬಿಟ್ಟೆ" ಎಂದು ಅಪ್ಪ ರೇಗಿಸುತ್ತಿದ್ದರು. ಅಜ್ಜಿಯ ಕೈಕೆಲಸ ಬೇರೆ. ಹಿತ್ತಲಲ್ಲಿ ಬಚ್ಚಲ ನೀರು ಕುಡಿದು ಬೆಳೆದ ಒಂದು ಹತ್ತಿಗಿಡವಿತ್ತು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅವಳು ಹಿತ್ತಲ ಬಿಸಿಲಿನಲ್ಲಿ ಕಾಲು ಚಾಚಿ ಕೂತು, ಬಿರಿದ ಕಾಯಿಗಳನ್ನು ಬಿಡಿಸಿ, ಬೀಜ ತೆಗೆದು, ಎಳೆ ಎಳೆಯಾಗಿ ಹಿಂಜಿ ಒಂದು ಬಿಸ್ಕತ್ತಿನ ಡಬ್ಬಿಗೆ ತುಂಬುತ್ತಿದ್ದಳು. ನವರಾತ್ರಿಯ ಒಂಬತ್ತು ದಿನವೂ ಗೊಂಬೆಗಳ ಮುಂದೆ ಉರಿಯುವ ನಂದಾದೀಪಕ್ಕೆ ಆ ಹತ್ತಿಯ ಬತ್ತಿಯೇ ಆಗಬೇಕು. ಅಂಗಡಿ ಹತ್ತಿಗೆ ನಮ್ಮ ದೇವರ ಮನೆಯಲ್ಲಿ ಪ್ರವೇಶವಿರಲಿಲ್ಲ.

ಗೊಂಬೆ ಕೂರಿಸುವುದೆಂದರೆ ನಮ್ಮ ಮನೆಯಲ್ಲಿ ಮದುವೆಗಿಂತ ದೊಡ್ಡ ಗದ್ದಲ. ಮಂಚ, ಬೆಂಚು, ಅಪ್ಪನ ಪುಸ್ತಕದ ಪೆಟ್ಟಿಗೆಗಳನ್ನೆಲ್ಲ ಜೋಡಿಸಿ ಬಿಳಿ ಪಂಚೆ ಹೊದಿಸಿದರೆ ಏಳು ಮೆಟ್ಟಿಲು. ಮೇಲೆ ಪಟ್ಟದ ಗೊಂಬೆಗಳು, ಕೆಳಗೆ ದಿನಸಿ ಅಂಗಡಿ ಇಟ್ಟುಕೊಂಡ ಡೊಳ್ಳುಹೊಟ್ಟೆಯ ಶೆಟ್ಟಿ ಮತ್ತವನ ಹೆಂಡತಿ. ನನಗೆ ಬುದ್ಧಿ ಬಂದಾಗಿನಿಂದ ಸಿಕ್ಕಿದ್ದು ಒಂದೇ ಕೆಲಸ: ಗೊಂಬೆಗಳ ಧೂಳು ಒರೆಸಿ ಅಜ್ಜಿಯ ಕೈಗೆ ಕೊಡುವುದು. ಯಾವುದು ಎಲ್ಲಿ ಕೂರಬೇಕು, ಯಾವುದು ಕೂರಲೇಬಾರದು ಎನ್ನುವುದು ಅಜ್ಜಿಯ ತೀರ್ಮಾನ. ಹಿಂದಿನ ವರ್ಷ ನಾನು ಪ್ಲಾಸ್ಟಿಕ್ ಆನೆಯೊಂದನ್ನು ಕದ್ದು ಕೂರಿಸಿದ್ದಕ್ಕೆ ಅದು ಸಂಜೆಯೊಳಗೆ ಅಟ್ಟ ಸೇರಿತ್ತು. "ಮೆಟ್ಲು ಹತ್ಬೇಕು ಅಂದ್ರೆ ಕೈಯಲ್ಲಿ ಮಾಡಿರ್ಬೇಕು, ನೆಟ್ಟಗೆ ಕೂರ್ಬೇಕು" ಎಂದಿದ್ದಳು ಅಜ್ಜಿ. ಆ ಮಾತನ್ನು ನಾನು ವರ್ಷವಿಡೀ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಶೆಟ್ಟಿಯ ಅಂಗಡಿಯಲ್ಲಿ ಅಕ್ಕಿ ಬೇಳೆ ಇದ್ದವು, ತರಕಾರಿ ಇರಲಿಲ್ಲ. ನನ್ನ ಕೈಯಿಂದಾದ ಒಂದು ತರಕಾರಿ ಆ ಮೆಟ್ಟಿಲ ಮೇಲೆ ಕೂರಲೇಬೇಕು ಎಂದು ಹಟ ಹಿಡಿದೆ.

"ಬದ್ನೆಕಾಯಿ ಮಾಡು. ಕಲಿಯೋರಿಗೆ ಅದೇ ಸಲೀಸು, ಸೊಟ್ಟ ಆದ್ರೂ ಯಾರೂ ಕೇಳಲ್ಲ" ಎಂದಳು ಅತ್ತೆ. ಟಿವಿ ಹೊದಿಕೆಯಲ್ಲಿ ಉಳಿದ ನೇರಳೆ ಉಲ್ಲನ್ ಕೊಟ್ಟಳು. ಒಂದು ವಾರ ಬರೀ ಕುಣಿಕೆಗಳ ಸರಪಳಿ ಹಾಕಿಸಿದಳು. ಆಮೇಲೆ ನಾಲ್ಕು ಕುಣಿಕೆ ಸೇರಿಸಿ ಒಂದು ಬಳೆ, ಆ ಬಳೆಯೊಳಗೆ ಆರು ಕುಣಿಕೆ, ಮುಂದಿನ ಸುತ್ತಿಗೆ ಹನ್ನೆರಡು, ಅದರ ಮುಂದಿನದಕ್ಕೆ ಹದಿನೆಂಟು. ಸುತ್ತು ಶುರುವಾದ ಜಾಗಕ್ಕೆ ಗುರುತಿಗೆಂದು ತನ್ನ ಸೀರೆಯ ಪಿನ್ನು ಚುಚ್ಚಿಕೊಟ್ಟಿದ್ದಳು. ನಾನು ಪಿನ್ನು ಕಳೆದುಕೊಂಡೆ, ಲೆಕ್ಕ ತಪ್ಪಿದೆ, ಸಿಕ್ಕಸಿಕ್ಕಲ್ಲಿ ಕುಣಿಕೆ ಹೆಚ್ಚಿಸಿದೆ. ಅಂಚೆಲ್ಲ ನಿರಿಗೆ ನಿರಿಗೆಯಾಯಿತು. ಅತ್ತೆ ಎತ್ತಿ ಹಿಡಿದು ನೋಡಿದಳು. "ಇದು ಕರಿದ ಹಪ್ಪಳ ಕಣೇ ಗಿರಿಜಿ" ಎಂದು ಒಂದೇ ಎಳೆತಕ್ಕೆ ಎಲ್ಲ ಬಿಚ್ಚಿಹಾಕಿದಳು. ನಾನು ಅತ್ತುಕೊಂಡೇ ಮತ್ತೆ ಹಾಕಿದೆ. ಅಗಲ ಸಾಕೆನಿಸಿದ ಮೇಲೆ ಹೆಚ್ಚಿಸದೆ ಸುತ್ತುತ್ತ ಹೋದರೆ ಅದು ತಾನಾಗಿ ಬಟ್ಟಲಾಗಿ ಮೇಲೇಳುತ್ತದೆ. ಆ ಗಳಿಗೆಯ ಸಂತೋಷವನ್ನು ಹೇಗೆ ಹೇಳಲಿ? ಚಪ್ಪಟೆಯಾಗಿದ್ದದ್ದು ನನ್ನ ಕೈಯಲ್ಲೇ ಹೊಟ್ಟೆ ಬಿಟ್ಟುಕೊಂಡು ಬದನೆಕಾಯಿಯಾಗುತ್ತಿತ್ತು. ಶಾಲೆಯಲ್ಲೂ ಬೆಂಚಿನ ಕೆಳಗೆ ಬೆರಳಾಡಿಸುತ್ತ ಕೂತಿರುತ್ತಿದ್ದೆ.

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ, ಅಂದರೆ ಗೊಂಬೆ ಕೂರಿಸುವ ಹಿಂದಿನ ದಿನ, ಬದನೆಕಾಯಿಯ ಬಾಯಿ ಮುಚ್ಚುವುದೊಂದು ಬಾಕಿಯಿತ್ತು. "ಹತ್ತಿ ಗಟ್ಟಿಯಾಗಿ ತುಂಬು, ಇಲ್ದಿದ್ರೆ ವಾರಕ್ಕೇ ಬಾಡ್ಹೋದಂಗೆ ಕಾಣುತ್ತೆ" ಎಂದು ಹೇಳಿ ಅತ್ತೆ ಪೇಟೆಗೆ ಹೋದಳು. ಅವಳ ಮನಸ್ಸಿನಲ್ಲಿದ್ದದ್ದು ಅಟ್ಟದ ಹರಕು ದಿಂಬು. ನನಗೆ ಗೊತ್ತಿದ್ದ ಹತ್ತಿ ಒಂದೇ. ದೇವರ ಮನೆಗೆ ಹೋಗಿ ಡಬ್ಬಿ ತೆಗೆದೆ, ಹಿಡಿ ಹಿಡಿಯಾಗಿ ತುರುಕಿದೆ. ಬದನೆಕಾಯಿ ಎಲ್ಲವನ್ನೂ ನುಂಗಿತು. ಕುಣಿಕೆ ಕಡಿಮೆ ಮಾಡುತ್ತ ಬಾಯಿ ಬಿಗಿದು, ಐದು ಮೂಲೆಯ ಹಸಿರು ತೊಟ್ಟು ಹೊಲಿದು, ಕಿಟಕಿಯ ಮೇಲಿಟ್ಟು ನೋಡಿದೆ. ಅದು ನೆಟ್ಟಗೆ ಕೂತಿತು.

ಅಜ್ಜಿ ಬತ್ತಿ ಹೊಸೆಯಲು ಡಬ್ಬಿ ತೆರೆದದ್ದು ಮಧ್ಯಾಹ್ನ, ಅತ್ತೆ ಪೇಟೆಯಿಂದ ಬಂದ ಮೇಲೆ. ಮನೆಯವರೆಲ್ಲ ಹುಡುಕಾಡಿದರು. ಅಮ್ಮ ಇಲಿಯ ಮೇಲೆ ಅನುಮಾನ ಪಟ್ಟಳು. ನನಗೆ ಆಗಲೂ ಹೊಳೆದಿರಲಿಲ್ಲ. ಅಜ್ಜಿಯ ಮುಖ ಸಪ್ಪಗಾಗಿದೆ, ಬದನೆಕಾಯಿ ನೋಡಿದರೆ ಸರಿಹೋಗುತ್ತಾಳೆ ಎಂದುಕೊಂಡು ತಂದು ಅವಳ ಕೈಗಿಟ್ಟೆ. ಅವಳು ಒಮ್ಮೆ ಅದುಮಿದಳು. ಇನ್ನೊಮ್ಮೆ ಅದುಮಿದಳು.

"ನಾಗೂ, ನನ್ ಹತ್ತಿ ಸಿಕ್ತು" ಎಂದಳು.

ಅತ್ತೆ ಕತ್ತರಿ ತಂದಳು. "ಒಂದು ಕಡೆ ಕುಯ್ದು ತೆಗೆದ್ಬುಡ್ತೀನವ್ವ, ಆಮೇಲೆ ಹೊಲ್ಕೊಡ್ತೀನಿ." ನಾನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ದೀಪಕ್ಕೆ ಬತ್ತಿ ಇಲ್ಲದಂತೆ ಮಾಡಿದವಳು ನಾನು. ಬೇಡ ಎನ್ನುವ ಬಾಯಿ ನನಗೆಲ್ಲಿತ್ತು? ಅಜ್ಜಿ ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು, ಕುಣಿಕೆಗಳ ಮೇಲೆ ಬೆರಳಾಡಿಸಿದಳು, ಆಮೇಲೆ ನನ್ನ ಕಡೆ ನೋಡಿದಳು. ನನ್ನ ತೋರುಬೆರಳಿನ ತುದಿ ಕಡ್ಡಿ ಚುಚ್ಚಿ ಚುಚ್ಚಿ ಕೆಂಪಗಾಗಿತ್ತು. "ಕತ್ರಿ ಒಳಗಿಡು. ಮಗು ಹೊಟ್ಟೆ ತುಂಬ್ಸಿರೋದನ್ನ ಕುಯ್ತಾರಾ ಯಾರಾದ್ರೂ" ಎಂದು ಎದ್ದು ಹಿತ್ತಲಿಗೆ ನಡೆದಳು.

ಗಿಡದಲ್ಲಿ ಬಿರಿದದ್ದು, ಅರೆ ಬಿರಿದದ್ದು ಎಲ್ಲ ಸೇರಿ ಒಂದು ಮೊರದಷ್ಟು ಸಿಕ್ಕಿತು. ಅಜ್ಜಿ, ಅತ್ತೆ, ನಾನು ಮೂವರೂ ಬಿಸಿಲಲ್ಲಿ ಕೂತು ಬೀಜ ತೆಗೆದೆವು. ನನ್ನ ಮೂಗಿಗೆ ಹತ್ತಿ ಹೋಗಿ ಸೀನಿದಾಗ ಮೊರದಲ್ಲಿದ್ದದ್ದೆಲ್ಲ ಹಾರಿ ಅತ್ತೆಯ ತಲೆ ಬೆಳ್ಳಗಾಯಿತು. ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅಷ್ಟು ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಸಂಜೆಗೆ ಒಂಬತ್ತು ದಿನಕ್ಕಾಗುವಷ್ಟು ಸಣ್ಣ ಬತ್ತಿಗಳಾದವು. ಮರುದಿನ ಗೊಂಬೆಗಳನ್ನೆಲ್ಲ ಕೂರಿಸಿದ ಮೇಲೆ ಅಜ್ಜಿ ನನ್ನತ್ತ ಕೈ ಚಾಚಿದಳು, ಬದನೆಕಾಯಿ ಇಸಿದುಕೊಂಡು ಶೆಟ್ಟಿಯ ಪಕ್ಕದಲ್ಲಿ ಜಾಗ ಮಾಡಿ ಕೂರಿಸಿದಳು. ಗೊಂಬೆ ನೋಡಲು ಬಂದ ಬೀದಿಯ ಮಕ್ಕಳು ಅಜ್ಜಿ ಮಾಡಿದ ಚಕ್ಕುಲಿ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದರು. "ನಮ್ ಗಿರಿಜಿ ಮಾಡಿದ್ದು ಕಣ್ರಪ್ಪ, ಮುಟ್ಬೇಡಿ" ಎಂದು ಅಜ್ಜಿ ಒಬ್ಬೊಬ್ಬರಿಗೂ ಹೇಳಿದಳು. ಒಂಬತ್ತು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅಲ್ಲಿಂದಾಚೆ ಅಜ್ಜಿ ಹತ್ತಿಯನ್ನು ಎರಡು ಪಾಲು ಮಾಡತೊಡಗಿದಳು. ಒಂದು ಡಬ್ಬಿಗೆ, ಇನ್ನೊಂದು ಹಳೆಯ ಪೇಪರಿನ ಪೊಟ್ಟಣಕ್ಕೆ. ಭಾದ್ರಪದ ಬರುತ್ತಿದ್ದಂತೆ ಪೊಟ್ಟಣ ನನ್ನ ಕೈಗೆ ಬರುತ್ತಿತ್ತು. "ತಗೊ, ನಿನ್ ಪಾಲು. ಈ ಸಲ ಏನ್ ಬೆಳೀತೀಯ?" ಟೊಮೇಟೊ ಆಯಿತು, ಕ್ಯಾರೆಟ್ ಆಯಿತು, ಮೂಲಂಗಿ ಆಯಿತು. ನಾನು ಕಾಲೇಜು ಮುಗಿಸುವ ಹೊತ್ತಿಗೆ ಶೆಟ್ಟಿಯ ದಿನಸಿ ಅಂಗಡಿ ತರಕಾರಿ ಮಂಡಿಯಾಗಿಬಿಟ್ಟಿತ್ತು. ನಿಮ್ಮ ಮನೆಯಲ್ಲೂ ನಿಮಗೆಂದೇ ಏನನ್ನಾದರೂ ತೆಗೆದಿಡುತ್ತಿದ್ದವರು ಒಬ್ಬರು ಇದ್ದಿರಬೇಕು. ಇದ್ದಷ್ಟು ದಿನ ಅದು ನಮಗೆ ದೊಡ್ಡದೆನಿಸುವುದಿಲ್ಲ.

ಅಜ್ಜಿ ಹೋದದ್ದು ಒಂದು ಬೇಸಿಗೆಯಲ್ಲಿ, ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳ ಮೇಲೆ. ಹೆಂಚಿನ ಮನೆ ಮಾರಿದೆವು. ಕೊಂಡವರು ಕೆಡವಿ ಮಹಡಿ ಕಟ್ಟಿದರು, ಹಿತ್ತಲಿದ್ದ ಜಾಗದಲ್ಲಿ ಈಗ ಸ್ಕೂಟರ್‌ಗಳು ನಿಲ್ಲುತ್ತವೆ. ಸಾಮಾನು ಕಟ್ಟುವಾಗ ಅತ್ತೆ ದೇವರ ಮನೆಯ ಗೂಡಿನಿಂದ ಒಂದು ಪೊಟ್ಟಣ ತೆಗೆದು ನನಗೆ ಕೊಟ್ಟಳು. ದಸರೆ ಇನ್ನೂ ಐದು ತಿಂಗಳು ದೂರವಿದ್ದಾಗಲೇ ಅಜ್ಜಿ ನನ್ನ ಪಾಲನ್ನು ತೆಗೆದಿಟ್ಟಿದ್ದಳು. ಪೊಟ್ಟಣ ಅರ್ಧವೇ ತುಂಬಿತ್ತು.

ಆ ವರ್ಷ ನಾನು ಮೆಣಸಿನಕಾಯಿ ಹೆಣೆದೆ. ಅಷ್ಟು ಹತ್ತಿಗೆ ಆಗುತ್ತಿದ್ದದ್ದು ಅಷ್ಟೇ.