ಯಂತ್ರ ತಿರುಗಿಸಿದ್ದು ಯಾರು?

ಅದನ್ನು ತಿರುಗಿಸಿದ್ದು ನಾನೋ ಮುನಿಯಮ್ಮನೋ, ಕಳೆದ ವಾರದವರೆಗೂ ನನಗೆ ಖಚಿತವಿರಲಿಲ್ಲ. ಕ್ಯಾಸಂಬಳ್ಳಿ ಹತ್ತಿರದ ಡೇರಿಯಲ್ಲಿ ಹಾಲಿನ ಫ್ಯಾಟ್ ಅಳೆಯುವ ನಮ್ಮ ಕಂಪನಿಯ ಯಂತ್ರವನ್ನು ಹಾಲು ಹಾಕುವ ಹೆಂಗಸರು ನಂಬದೆ, ವಾಪಸ್ ಕಳಿಸುವ ಮಾತೆದ್ದಿತ್ತು. ಅದನ್ನು ರೂಪಿಸಿದ ಎಂಜಿನಿಯರ್ ನಾನು. ಅಳತೆ ಸರಿಯಾಗಿದೆ ಎಂದು ವಾದಿಸುತ್ತಿದ್ದೆ.

“ಸರಿಯಾಗೈತೆ ಅಂತ ನಮಗೆಂಗಪ್ಪಾ ಗೊತ್ತಾಗ್ಬೇಕು? ಅಂಕಿ ಕಾಣೋದು ಸೆಕ್ರೆಟ್ರಿಗೆ, ನಮಗೆ ಕಾಣೋದು ಅದರ ಬೆನ್ನು!” ಎಂದರು ಸಾಲಿನಲ್ಲಿ ಮುಂದಿದ್ದ ಮುನಿಯಮ್ಮ.

ಪರದೆ ಅವರತ್ತ ತಿರುಗಿತು. ತಮ್ಮ ಹಾಲಿನ ಅಂಕಿ ನೋಡಿ, “ನನ್ನೆಮ್ಮೆ ಪಾಸಾಯ್ತು ಕಣೇ!” ಎಂದು ಹಿಂದಿದ್ದವಳಿಗೆ ಹೇಳಿ ನಕ್ಕರು. ಯಂತ್ರ ಅಲ್ಲೇ ಉಳಿಯಿತು.

ಆಮೇಲೆ ನಾನು ಕೋಡ್ ಬರೆಯುವುದು ಬಿಟ್ಟು, ಗ್ರಾಹಕರ ಜೊತೆಗಿನ ಕೆಲಸ ಕೇಳಿ ಪಡೆದೆ. ಈಗ ಆ ವಿಭಾಗದ ಮುಖ್ಯಸ್ಥ. ಯಂತ್ರ ತಿರುಗಿಸಿದ್ದು ನಾನೇ ಎಂದು ಹೊಸಬರೆದುರು ಕೊಚ್ಚಿಕೊಳ್ಳುತ್ತಿದ್ದೆ. ಕಳೆದ ವಾರ ಬಂಗಾರಪೇಟೆಯಲ್ಲಿ ಡೇರಿ ಸೆಕ್ರೆಟರಿ ಸಿಕ್ಕಾಗ ಕೇಳಿದೆ. ತಿರುಗಿಸಿದ್ದು ಮುನಿಯಮ್ಮ, ನಾನು ವೈರು ಹಿಡಿದುಕೊಂಡಿದ್ದೆನಂತೆ.