ಯಗಟಿಯ ತಿಪ್ಪೇಶಣ್ಣ ಊದಿದ ಹಾಡುಗಳು

ಯಗಟಿಯ ತಿಪ್ಪೇಶಣ್ಣ ಮೂವತ್ತನಾಲ್ಕು ವರ್ಷ ಮದುವೆಗಳಲ್ಲಿ ಟ್ರಂಪೆಟ್ ಊದಿದವನು. ಕಡೂರಿನ ಬ್ಯಾಂಡ್ ಸೆಟ್ಟೊಂದರಲ್ಲಿ ಕೆಂಪು ಕೋಟು ತೊಟ್ಟು ಮುಂದಿನ ಸಾಲಿನಲ್ಲಿ ನಡೆಯುತ್ತಿದ್ದ. ಮದುವೆಗಳಿಗೆ ಡಿ.ಜೆ. ಬಂದ ಮೇಲೆ ಕರೆ ಕಡಿಮೆಯಾಗಿ, ಕುರಿ ಮೇಯಿಸತೊಡಗಿದ. ಆದರೂ ಕುರಿ ಹೊಡೆದುಕೊಂಡು ಹೋಗುವಾಗ ಟ್ರಂಪೆಟ್ಟು ಅವನ ಹೆಗಲ ಚೀಲದಲ್ಲಿ ಇದ್ದೇ ಇರುತ್ತಿತ್ತು.

ಎರಡು ವರ್ಷದ ಹಿಂದೆ ಸಖರಾಯಪಟ್ಟಣದ ಮದುವೆಯೊಂದರಲ್ಲಿ, ಎಲ್ಲರೂ ಊಟಕ್ಕೆ ಕೂತಾಗ, ಅವನು ಛತ್ರದ ಹಿಂದೆ ತನ್ನ ಪಾಡಿಗೆ ಊದುತ್ತಿದ್ದ. ಅದು ಶ್ರೀಜಾಳ ಕಿವಿಗೆ ಬಿತ್ತು. ಶ್ರೀಜಾ ಕಡೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾಳೆ. ಬಿಡುವಿನಲ್ಲಿ ಬೇಸ್ ಗಿಟಾರ್ ಹಿಡಿದು ‘ಬಯಲುಗಾಳಿ’ ಎಂಬ ನಾಲ್ವರ ಬ್ಯಾಂಡ್ ನಡೆಸುತ್ತಾಳೆ. ಪೆಟ್ಟು ಬಿಟ್ಟು ಬಿಟ್ಟು ಬರುವ ರೆಗ್ಗೆಯ ತಾಳ, ರಾಕ್ ಗಿಟಾರು, ರಾಗಿ ಬೀಸುವ ಪದಗಳ ಧಾಟಿ, ಎಲ್ಲವೂ ಅವರ ಹಾಡಿನಲ್ಲಿ ಕಲೆತಿರುತ್ತವೆ. ಎರಡನೇ ಆಲ್ಬಮ್ಮಿಗೆ ಅವಳಿಗೆ ಟ್ರಂಪೆಟ್ ಬೇಕಿತ್ತು. ಅವನನ್ನು ಕರೆದಳು, ಅವನು ಒಪ್ಪಿದ.

ಅಭ್ಯಾಸ ನಡೆಯುತ್ತಿದ್ದದ್ದು ಕಡೂರಿನ ಹಳೇ ಕೊಬ್ಬರಿ ಶೆಡ್ಡಿನಲ್ಲಿ. ಸದ್ದು ಗುಂಯ್ಗುಡದಿರಲಿ ಎಂದು ಗೋಡೆಗೆಲ್ಲ ನಾರಿನ ಚಾಪೆ ಹೊಡೆದಿದ್ದರು. ಮೊದಲ ತಿಂಗಳು ತಿಪ್ಪೇಶಣ್ಣ ಸೋತುಹೋದ. ಮೆರವಣಿಗೆಯಲ್ಲಿ ಬಿಡುವಿಲ್ಲದೆ ಊದಿದವನಿಗೆ ರೆಗ್ಗೆಯ ತಾಳದ ನಡುವೆ ಸುಮ್ಮನಿರುವುದೇ ಕಷ್ಟ.

“ಅಣ್ಣಾ, ಮೊದಲ್ನೇ ಪೆಟ್ಟು ಬಿಟ್ಬಿಡಿ. ಅದು ಹೋಗ್ಲಿ. ಆಮೇಲೆ ಬನ್ನಿ,” ಎಂದು ಶ್ರೀಜಾ ಹೇಳಿಕೊಟ್ಟಳು.

“ಬಿಡೋದೂ ಒಂದು ಕಲಿಯೋ ವಿದ್ಯೆ ಅಂತ ಈ ವಯಸ್ನಲ್ಲಿ ಗೊತ್ತಾಯ್ತು ಮೇಡಮ್,” ಎಂದ ಅವನು. ನಾಲ್ಕು ತಿಂಗಳಲ್ಲಿ ಕಲಿತ.

ರೆಕಾರ್ಡಿಂಗಿಗೆ ಮೂರು ವಾರ ಇರುವಾಗ ಕಡೂರಿಗೆ ಬರುತ್ತಿದ್ದ ಬಸ್ಸಿಗೆ ಎಮ್ಮೆ ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ನಿಂತಿದ್ದ ತಿಪ್ಪೇಶಣ್ಣನ ಬಾಯಿ ಮುಂದಿನ ಸೀಟಿನ ಕಂಬಿಗೆ ಬಡಿದು ಮೇಲಿನ ಎರಡು ಹಲ್ಲು ಮುರಿದುಹೋದವು. ಡಾಕ್ಟರು ಬೇರು ಕಿತ್ತು, ಹಾಕಿ ತೆಗೆಯುವ ಎರಡು ಹಲ್ಲು ಕೊಟ್ಟರು. “ಗಟ್ಟಿ ಹಲ್ಲು ಕೂರಿಸೋಕೆ ನಾಲ್ಕೈದು ತಿಂಗಳು ಬೇಕು. ಗಾಯ ಮಾಯೋವರೆಗೂ ಊದಬೇಡಿ,” ಎಂದರು.

ಟ್ರಂಪೆಟ್ಟನ್ನು ತುಟಿಗೆ ಒತ್ತಿದರೆ ಆ ಭಾರ ಹೊರುವುದು ಹಲ್ಲೇ. ನೋಡಲು ಬಂದ ಶ್ರೀಜಾ ಮೆಲ್ಲಗೆ, “ಕೀಬೋರ್ಡಲ್ಲಿ ಅದೇ ಸದ್ದು ಬರುತ್ತೆ ಅಣ್ಣಾ. ನೀವು ಸುಧಾರಿಸ್ಕೊಳ್ಳಿ,” ಎಂದಳು.

ಅವನು ಟ್ರಂಪೆಟ್ಟನ್ನು ಬಟ್ಟೆಯಲ್ಲಿ ಒರೆಸಿ ಚೀಲಕ್ಕಿಟ್ಟ. ಆಮೇಲೆ, “ಕೀಬೋರ್ಡು ಇಟ್ಕೊಂಡಿರಿ. ನಾನೂ ಬತ್ತೀನಿ,” ಎಂದ.

ಹತ್ತು ದಿನ ಡಾಕ್ಟರ ಮಾತು ಕೇಳಿದ. ಹನ್ನೊಂದನೇ ದಿನ ಟ್ರಂಪೆಟ್ಟಿನ ಬಾಯಿತುಂಡನ್ನು ಮಾತ್ರ ಬಿಚ್ಚಿ, ಬಾಯಿಯ ಗಾಯವಿಲ್ಲದ ಬಲ ಪಕ್ಕಕ್ಕಿಟ್ಟು ಊದಿದ. ಬರೀ ಗಾಳಿ ಬಂತು. ಮಾರನೇ ದಿನ ಸಣ್ಣ ದನಿ. ಹೆಂಡತಿ ದುರ್ಗಮ್ಮ ಟವೆಲ್ಲಿನ ಮೇಲೆ ರಕ್ತ ಕಂಡಳು.

“ಯಾರ್ಗೋಸ್ಕರ ಹಿಂಗೆ?” ಎಂದು ಕೇಳಿದಳು.

“ನಂಗೋಸ್ಕರನೇ ಕಣೇ. ಇಷ್ಟು ವರ್ಷ ಬೇರೇರ ಹಾಡು ಊದಿದೆ. ಈ ಆಲ್ಬಮ್ಮಲ್ಲಿ ನಾನೇ ಕಟ್ಟಿದ ಧಾಟೀನೂ ಐತೆ.”

ಅಂದಿನಿಂದ ಅವಳೇ ದಿನಕ್ಕೆ ಎರಡು ಸಲ ಉಪ್ಪುನೀರು ಕಾಯಿಸಿ ಕೊಟ್ಟಳು.

ರೆಕಾರ್ಡಿಂಗಿನ ದಿನ ಮೇಲಿನ ಸ್ವರಗಳು ಹತ್ತಲಿಲ್ಲ. ನಾಲ್ಕು ಸಲ ಊದಿದ, ನಾಲ್ಕು ಸಲವೂ ದನಿ ಒಡೆಯಿತು. ಡ್ರಮ್ಸಿನ ಚಿನ್ಮಯ ತಲೆ ತಗ್ಗಿಸಿ ಕೂತ. ತಿಪ್ಪೇಶಣ್ಣ ನೀರು ಕುಡಿದು ಬಂದು, “ಮೇಡಮ್, ಕೆಳಗಿನ ಸ್ಥಾಯೀಲಿ ಊದ್ತೀನಿ. ಕೇಳಿ ನೋಡಿ. ಒಪ್ಪಲಿಲ್ಲ ಅಂದ್ರೆ ತೆಗೆದ್ಹಾಕಿ,” ಎಂದ.

ಕೆಳಗಿಳಿದ ದನಿ ದಪ್ಪಗಿತ್ತು, ತುಸು ಒರಟಾಗಿತ್ತು. ಬೇಸ್ ಗಿಟಾರಿನ ಪಕ್ಕದಲ್ಲೇ ನಡೆಯಿತು. ಶ್ರೀಜಾ ಎರಡು ಸಲ ಕೇಳಿ ಕೀಬೋರ್ಡಿನ ವೈರು ಕಿತ್ತಳು. ಎಂಟು ಹಾಡಿನಲ್ಲಿ ಏಳಕ್ಕೆ ಅವನು ಊದಿದ. ಉಳಿದದ್ದೊಂದು, ಎತ್ತರದ ದನಿಯನ್ನೇ ಬೇಡುವ ಹಾಡು. “ಇದು ಈಗ ನನ್ನ ಕೈಲಿ ಆಗಲ್ಲ,” ಎಂದು ತಾನೇ ಹೇಳಿ ಗಿಟಾರಿಗೆ ಬಿಟ್ಟುಕೊಟ್ಟ.

ಆಲ್ಬಮ್ ಯುಗಾದಿಯ ವಾರ ಬಿಡುಗಡೆಯಾಯಿತು. ತರೀಕೆರೆಯಲ್ಲಿ ಇನ್ನೂರು ಜನರ ಮುಂದೆ ಬ್ಯಾಂಡು ಪೂರ್ತಿ ನುಡಿಸಿತು. ದುರ್ಗಮ್ಮ ಎರಡನೇ ಸಾಲಿನಲ್ಲಿ ಕೂತು ಕೇಳಿದಳು. ತಿಪ್ಪೇಶಣ್ಣನಿಗೆ ಈಗ ಗಟ್ಟಿ ಹಲ್ಲು ಕೂತಿವೆ. ಕೈತಪ್ಪಿದ್ದ ಮೂರು ಮೇಲಿನ ಸ್ವರಗಳಲ್ಲಿ ಎರಡು ಮರಳಿ ಬಂದಿವೆ, ಮೂರನೆಯದು ಇನ್ನೂ ಬಂದಿಲ್ಲ. ಅದಕ್ಕಾಗಿ ದಿನಾ ಬೆಳಿಗ್ಗೆ ಹೊಲದ ಬದುವಿನ ಮೇಲೆ ಒಂದು ಗಂಟೆ ಊದುತ್ತಾನೆ.